ತರಕಾರಿ ಹಿಂದಿ

ಬಾಲ್ಕನಿಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದ ಲೀಲಮ್ಮನ ಬಾಯಿಗೆ ಒಂದು ಮಾತು ಬಂದುಬಿಟ್ಟಿತ್ತು. ತುಟಿ ದಾಟುವುದರೊಳಗೆ ಅದನ್ನು ಹಿಡಿದು ಬಿಸಿ ತುತ್ತಿನ ಹಾಗೆ ನುಂಗಿಕೊಂಡಳು. 'ಬಾರೋ ಪುಟ್ಟ, ಇಲ್ಲಿ ಬಿಸಿಲಿದೆ' ಎಂಬಷ್ಟೇ ಮಾತು. ಹೇಳಿದ್ದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ಅಂದು ರಜೆ ಹಾಕಿದ್ದ ಸೊಸೆ ವೈಜಯಂತಿ ಒಳಗೆ ಇಸ್ತ್ರಿ ಮಾಡುತ್ತಿದ್ದಳು, ಮಗ ಸೋಮಶೇಖರ ಆಗಲೇ ಮೆಟ್ರೋ ಹಿಡಿದು ಕಚೇರಿಗೆ ಹೋಗಿಯಾಗಿತ್ತು. ಆದರೂ ನುಂಗಿದಳು. 'ಆಜಾ' ಅನ್ನುವುದು ಗೊತ್ತು. ಬಿಸಿಲಿಗೆ ಏನನ್ನುತ್ತಾರೆ? ಗೊತ್ತಿದ್ದ ಮಾತೇ, ತರಕಾರಿಯ ಭಯ್ಯಾ ಬೇಸಿಗೆಯಲ್ಲಿ ದಿನಕ್ಕೆ ಹತ್ತು ಸಲ ಶಾಪ ಹಾಕುವ ಮಾತೇ, ಬೇಕಾದಾಗ ಮಾತ್ರ ನೆನಪಿಗೆ ಬರುವುದಿಲ್ಲ. ಧೂಪ್! ನೆನಪಾಗುವ ಹೊತ್ತಿಗೆ ದಿಲ್ಲಿಯ ಪೀತಮ್‌ಪುರದ ಆ ಎರಡನೇ ಮಹಡಿಯ ಬಾಲ್ಕನಿಗೆ ಬಂದಿದ್ದ ಒಂದು ಮೊಳ ಬಿಸಿಲು ಎದುರಿನ ನೀರಿನ ತೊಟ್ಟಿಯ ಹಿಂದೆ ಹೋಗಿತ್ತು. ಮೊಮ್ಮಗ ಕಿಶನ್ ನೆರಳಿನಲ್ಲೇ ಮಂಡಿಯೂರಿ ಕೂತು ಬಟಾಣಿಯ ಖಾಲಿ ಸಿಪ್ಪೆಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತಿದ್ದ. ಗೋಡೆಯಿಂದ ಹೊರಟು ಕಂಬಿಯವರೆಗೆ, ಕಂಬಿಯಿಂದ ಹೊರಳಿ ಮತ್ತೆ ಗೋಡೆಗೆ. ಒಂದು ಸಿಪ್ಪೆ ಓರೆಯಾದರೆ ಎಲ್ಲಿದ್ದರೂ ಬಂದು ಸರಿಮಾಡುವನು. ಮೂರು ತುಂಬಿ ಮೇಲೆ ಕೆಲವು ತಿಂಗಳಾದ ಹುಡುಗ. ಹಾಲುಬಿಳುಪಿನ ಮೈ, ತಾತನ ಹಾಗೇ ದಟ್ಟ ಹುಬ್ಬು. ನೋಡಿದವರು ಎಷ್ಟು ಸಾಧು ಮಗು ಅನ್ನುತ್ತಾರೆ. ಸಾಧು ಅನ್ನುವ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಲೀಲಮ್ಮ ಮಾತು ಬದಲಿಸುತ್ತಾಳೆ.

ಕನ್ನಡ ನಿಂತದ್ದು ಬೇಸಿಗೆಯಲ್ಲಿ. ನರ್ಸಿಂಗ್ ಹೋಮಿನ ಮಕ್ಕಳ ಡಾಕ್ಟರು, ಮಗುವಿಗೆ ಮಾತು ತಡ ಎಂದು ಕರೆದುಕೊಂಡು ಹೋದಾಗ, ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರಂತೆ. ಅಜ್ಜಿಗೆ ಕನ್ನಡ, ಅಪ್ಪ ಅಮ್ಮನಿಗೆ ಕನ್ನಡದ ಜೊತೆ ಇಂಗ್ಲಿಷ್, ಕೆಲಸದವಳಿಗೂ ಟಿವಿಗೂ ಹಿಂದಿ. ಡಾಕ್ಟರು ನಕ್ಕರಂತೆ. ಪಾಪದ ಮಗು, ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ? ಒಂದೇ ಭಾಷೆ ಇಟ್ಟುಕೊಳ್ಳಿ, ಹೊರಗಡೆ ಇರುವ ಭಾಷೆಯನ್ನೇ ಇಟ್ಟುಕೊಳ್ಳಿ, ಆರು ತಿಂಗಳಲ್ಲಿ ನೀವೇ ಬಾಯಿ ಮುಚ್ಚು ಅನ್ನುವಷ್ಟು ಮಾತಾಡುತ್ತಾನೆ. ಆ ರಾತ್ರಿ ಊಟಕ್ಕೆ ಕೂತಾಗ ಸೋಮು ಇದನ್ನು ಹೇಳಿದ ರೀತಿಯಲ್ಲಿ ತಪ್ಪೇನೂ ಇರಲಿಲ್ಲ. ಮೊಸರನ್ನು ತಾನೇ ಬಡಿಸಿ, ಮೆತ್ತಗೆ ಹೇಳಿದ.

"ಅಮ್ಮ, ಇನ್ಮೇಲೆ ಮಗು ಹತ್ರ ಕನ್ನಡ ಬೇಡ. ಸ್ವಲ್ಪ ದಿನ ಅಷ್ಟೇ."

"ಮತ್ತೆ ನಾನೇನು ಮಾತಾಡ್ಲೋ?"

"ಹಿಂದೀಲಿ ಮಾತಾಡು. ಮೂವತ್ತು ವರ್ಷದಿಂದ ದಿಲ್ಲೀಲಿದ್ದೀಯ, ಬರಲ್ವೇನು?"

ಬರುತ್ತದೆ. ತರಕಾರಿ ಕೊಳ್ಳುವಷ್ಟು ಬರುತ್ತದೆ. ಈಗಿಲ್ಲದ ಗಂಡ ಕೃಷ್ಣಮೂರ್ತಿಗೆ ಆಗ ಆರ್.ಕೆ. ಪುರಂನಲ್ಲಿ ಕ್ವಾರ್ಟರ್ಸ್ ಸಿಕ್ಕಿದಾಗ ಕೆಳಗಿನ ಮನೆಯಲ್ಲಿ ಧಾರವಾಡದವರು, ಪಕ್ಕದಲ್ಲಿ ಮದ್ರಾಸಿನವರು, ದೇವಸ್ಥಾನದಲ್ಲಿ ಅರ್ಧಕ್ಕರ್ಧ ನಮ್ಮವರೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಅವಳಿಗೆ ಹಿಂದಿ ಬೇಕಾದದ್ದು ತಳ್ಳುಗಾಡಿಯ ಮುಂದೆ ಮಾತ್ರ. ಕಿತ್ನಾ? ಜ್ಯಾದಾ ಹೈ. ಕಮ್ ಕರೋ. ಕಲ್ ವಾಲಾ ಖರಾಬ್ ಥಾ. ನಹೀಂ ಚಾಹಿಯೇ, ಜಾವೋ. ಎಷ್ಟು, ಜಾಸ್ತಿಯಾಯಿತು, ಕಡಿಮೆ ಮಾಡು, ನಿನ್ನೆಯದು ಕೆಟ್ಟಿತ್ತು, ಬೇಡ ಹೋಗು. ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಇಷ್ಟು ಮಾತಿನಲ್ಲಿ ಮೂವತ್ತು ವರ್ಷ ಸಂಸಾರ ಸಾಗಿತ್ತು. ಜಗಳದ ಭಾಷೆ ಅದು. ಅದರಲ್ಲಿ ಮುದ್ದು ಮಾಡುವುದು ಹೇಗೆ? ಮಗುವಿಗೆ ಎಣ್ಣೆ ಹಚ್ಚುವಾಗ, ಅನ್ನ ಕಲಸುವಾಗ, ನಿದ್ದೆ ಬಾರದೆ ಹೊರಳುವ ಮಧ್ಯಾಹ್ನ ಬೆನ್ನು ತಟ್ಟುವಾಗ ಹೇಳಬೇಕಾದದ್ದಕ್ಕೆ ಆ ಬುಟ್ಟಿಯಲ್ಲಿ ಏನೂ ಇರಲಿಲ್ಲ. ಮೊದಮೊದಲು 'ಅಚ್ಛಾ ಬೇಟಾ, ಅಚ್ಛಾ ಬೇಟಾ' ಅನ್ನುತ್ತಿದ್ದಳು. ಕೆಲಸದ ಹುಡುಗಿ ಬಾಗಿಲ ಹತ್ತಿರ ನಿಂತು ಕಿಸಕ್ಕನೆ ನಕ್ಕಳು. ಆಮೇಲೆ ಅದೂ ನಿಂತಿತು. ಬೆಳಗ್ಗೆ ಇಬ್ಬರೂ ಕಚೇರಿಗೆ ಹೋಗಿ ಬಾಗಿಲು ಮುಚ್ಚಿದರೆ ಸಂಜೆಯವರೆಗೆ ಆ ಮನೆಯಲ್ಲಿ ಕುಕ್ಕರು, ಟಿವಿ, ಫ್ಯಾನು ಇವು ಮಾತ್ರ ಸದ್ದು ಮಾಡುತ್ತಿದ್ದವು.

ಸೋಮು ಹಾಗಿರಲಿಲ್ಲ. ಸೋಮುವಿನ ಬಾಯಿ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ, ಇದೇನು ಅದೇನು ಎಂದು ಬೆರಳು ಚಾಚಿ ಚಾಚಿ ಕಾಡುತ್ತಿದ್ದ, ಅವರಪ್ಪ ಪೇಪರು ಓದಲಾಗದೆ 'ಇವನ ಬಾಯಿಗೊಂದು ಬೀಗ ಹಾಕೇ ಮಾರಾಯ್ತಿ' ಎಂದು ಗದರುತ್ತಿದ್ದರು. ಅವಳೂ ಹಾಗೇ ಇದ್ದಳು. ರುಬ್ಬುತ್ತ ಮಾತು, ಒಗೆಯುತ್ತ ಮಾತು. ಮಕ್ಕಳಿಗೆ ಮಾತು ಕಲಿಸಬೇಕು ಎಂದು ಯಾರಿಗೆ ಗೊತ್ತಿತ್ತು, ಮಳೆಗೆ ಹುಲ್ಲು ಬಂದ ಹಾಗೆ ಬರುತ್ತದೆ ಅಂದುಕೊಂಡಿದ್ದರು. ಈ ಮಗುವಿಗೂ ಬಂದಿತ್ತೋ ಏನೋ. ವರ್ಷ ತುಂಬಿದ ಹೊಸದರಲ್ಲಿ ಒಂದು ದಿನ ಅವಳ ಸೆರಗು ಹಿಡಿದು, ನೇರವಾಗಿ ಮುಖ ನೋಡಿ, 'ಜ್ಜಿ' ಅಂದಿತ್ತು. ಆಮೇಲೂ ಒಂದೆರಡು ಸಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಮೇಲೆ ಆ ಮಳೆಗಾಲದಲ್ಲಿ ಯಾವಾಗಲೋ ಅದು ಹೋಯಿತು, ಹೋದದ್ದು ಇಂಥ ದಿನ ಎಂದು ಹೇಳಲಾಗದ ಹಾಗೆ ಹೋಯಿತು, ಅದರ ಜೊತೆಗೇ ಮುಖ ನೋಡುವುದೂ ಹೋಯಿತು. ನಿಜವಾಗಿ ಅಂದಿತ್ತೇ? ತೇಗನ್ನೋ ಬಿಕ್ಕನ್ನೋ ತಾನು ಹಾಗೆ ಕೇಳಿಸಿಕೊಂಡೆನೇ? ತನ್ನ ಭಾಷೆಯ ಭಾರಕ್ಕೆ ಆ ಒಂದು ಮಾತು ಮುರಿದುಬಿತ್ತೇ? ಬೇಸಿಗೆಯಿಂದ ಈಚೆಗೆ ಬಟ್ಟೆ ಮಡಿಸುವಾಗ, ಅಕ್ಕಿ ಆರಿಸುವಾಗ, ಇದನ್ನೇ ತಿರುವಿಹಾಕಿ ತಿರುವಿಹಾಕಿ ನೋಡುತ್ತಿದ್ದಳು. ನನ್ನಿಂದಲೇ ಆಯಿತು. ನಾನು ಬಾಯಿ ಮುಚ್ಚಿದರೆ ಸರಿಹೋಗುತ್ತದೆ. ಈ ಎರಡು ಮಾತುಗಳಲ್ಲಿ ಮೊದಲನೆಯದು ಚುಚ್ಚುತ್ತಿತ್ತು, ಎರಡನೆಯದು ನಿದ್ದೆ ಬರಿಸುತ್ತಿತ್ತು.

ಒಳಗೊಳಗೇ ಹೆದರಿಕೆ ಹುಟ್ಟಿಸಿದ್ದು ಕುಕ್ಕರಿನ ದಿನ. ಕುಕ್ಕರನ್ನು ಒಲೆಯಿಂದ ಇಳಿಸಿ ನೆಲದ ಮೇಲೆ ಇಟ್ಟಿದ್ದಳು. ಕಿಶನ್ ಅದರ ಹೊಳಪಿನಲ್ಲಿ ಏನು ಕಂಡನೋ, ಅಂಗೈ ಚಾಚಿ ಹೊರಟ. 'ಸುಡುತ್ತೆ' ಅನ್ನುವುದು ಬಾಯಿಯ ಒಳಗೇ ಇತ್ತು. ಬೇಡ, ಹಿಂದಿ, ಹಿಂದಿಯಲ್ಲಿ ಏನು, ಎಂದು ಅವಳು ಹುಡುಕುತ್ತ ನಿಂತ ಆ ಒಂದು ಗಳಿಗೆಯಲ್ಲಿ ಅವನು ಅಂಗೈ ಒತ್ತಿಯೇಬಿಟ್ಟ. ಓಡಿಹೋಗಿ ಎಳೆದಳು. ಅಂಗೈ ಕೆಂಪಗೆ ಬೊಬ್ಬೆ ಎದ್ದಿತ್ತು. ಅವನು ಅಳಲಿಲ್ಲ. ಅಳುವುದಿರಲಿ, ಅವಳ ಮುಖವನ್ನೂ ನೋಡಲಿಲ್ಲ. ಸುಟ್ಟ ಕೈಯನ್ನು ಕಣ್ಣಿನ ಹತ್ತಿರ ತಂದು ಬೆರಳುಗಳನ್ನು ಆಡಿಸಿಕೊಳ್ಳುತ್ತ ಇದ್ದ. ಸಂಜೆ ಸೋಮು, "ಗರಂ ಅಂದ್ರೆ ಆಗ್ತಿತ್ತಲ್ಲಮ್ಮ, ಚಾಯ್ ಗರಂ ಅಂತ ರೈಲಲ್ಲಿ ಕೂಗೋದು ಕೇಳಿಲ್ವಾ," ಅಂದ. ಕೇಳಿದ್ದೇನೆ ಎಂದು ತಲೆಯಾಡಿಸಿದಳು. ನಾನು ಹುಡುಕಿದ್ದು ಇರಲಿ, ಅವನು ಯಾಕೆ ಅಳಲಿಲ್ಲ ಎಂದು ಕೇಳಬೇಕೆಂದಿತ್ತು. ಕೇಳಲಿಲ್ಲ. ಕೇಳಿದರೆ ಬೊಬ್ಬೆಗೆ ಬರ್ನಾಲ್ ಹಚ್ಚುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತುಬಿಡುತ್ತದೆ ಅನ್ನಿಸಿತು.

ನವರಾತ್ರಿಗೆ ಕನ್ನಡದವರ ಮೂರು ನಾಲ್ಕು ಸಂಸಾರ ಅರಿಶಿನ ಕುಂಕುಮಕ್ಕೆ ಬಂದಿತ್ತು. ಅವರ ಮಕ್ಕಳು ಹಿಂದಿಯಲ್ಲಿ ಕಿರುಚುತ್ತ ಬೊಂಬೆಗಳ ಸುತ್ತ ಓಡಾಡುತ್ತಿದ್ದವು. ಕಿಶನ್ ಬಾಗಿಲ ಪರದೆಯ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದವನು, ಇದ್ದಕ್ಕಿದ್ದಂತೆ, ಸ್ಪಷ್ಟವಾಗಿ, ಎತ್ತರದ ದನಿಯಲ್ಲಿ ಹೇಳಿದ: "ಜ್ಯಾದಾ ಹೈ ಭಯ್ಯಾ, ಕಮ್ ಕರೋ." ಎಲ್ಲರೂ ಮನೆಯೇ ಹಾರಿಹೋಗುವ ಹಾಗೆ ನಕ್ಕರು. "ಲೀಲಮ್ಮನೋರೇ, ಮೊಮ್ಮಗನ್ನ ಆಜಾದ್‌ಪುರ ತರಕಾರಿ ಮಂಡಿಗೆ ಬಿಡಿ, ಹೊಟ್ಟೆಪಾಡಿಗೆ ಚಿಂತೆಯಿಲ್ಲ" ಎಂದು ಚಂದ್ರಪ್ರಭಾ ಅನ್ನುವ ಜೋರು ಬಾಯಿಯ ಹೆಂಗಸು ಕಣ್ಣೊರೆಸಿಕೊಂಡಳು. ಸೋಮು ಮಗುವನ್ನು ಎತ್ತಿ ಮೇಲಕ್ಕೆ ಹಾರಿಸಿದ. ವೈಜಯಂತಿ ಅಡುಗೆಮನೆಗೆ ಓಡಿಹೋಗಿ ಅತ್ತಳು, ಸಂತೋಷಕ್ಕೆ. ದನಿ ಮಾತ್ರ ಲೀಲಮ್ಮನದೇ. ಏರು, ಇಳಿವು, 'ಭಯ್ಯಾ' ಅನ್ನುವಾಗಿನ ಮೂಗಿನ ಎಳೆತ, ಎಲ್ಲ ಅವಳದೇ. ಬಾವಿಗೆ ಬಗ್ಗಿ ಕೂಗಿದರೆ ಮರಳಿ ಬರುತ್ತದಲ್ಲ ಹಾಗೆ. ಆವತ್ತಿನಿಂದ ದಿನಕ್ಕೊಂದು. ಟಿವಿಯ ಸಾಬೂನಿನ ಜಾಹೀರಾತು, ಮೆಟ್ರೋದ ಬಾಗಿಲಿನ ಸೂಚನೆ, ಕಸದ ಗಾಡಿಯವನ ಕೂಗು. ಹಿಂದಿ ಬಂತು, ಹಿಂದಿ ಬಂತು ಎಂದು ಗಂಡ ಹೆಂಡತಿ ಒಬ್ಬರಿಗೊಬ್ಬರು ಫೋನಿನಲ್ಲಿ ಹೇಳಿಕೊಂಡರು. ಡಾಕ್ಟರ ಮಾತು ನಿಜವಾಯಿತಲ್ಲ! ಹಾಗಾದರೆ ಕನ್ನಡವನ್ನು ಪೂರ್ತಿಯಾಗಿ ಮನೆಯಿಂದಾಚೆ ಇಟ್ಟರೆ? ಅದನ್ನೂ ಸೋಮು ಮೆತ್ತಗೇ ಹೇಳಿದ್ದ. ತಮ್ಮ ಚಂದ್ರಮೋಹನನಿಗೆ ಫರೀದಾಬಾದಿನ ಕಾರ್ಖಾನೆಯವರು ದೊಡ್ಡ ಮನೆ ಕೊಟ್ಟಿದ್ದಾರೆ, ಅಲ್ಲಿ ಸ್ವಲ್ಪ ದಿನ ಇದ್ದು ಬಾ, ಇಲ್ಲಿಗೆ ಹಿಂದಿಯ ಒಬ್ಬ ಆಯಾ ನೋಡಿದ್ದೇವೆ. ಈ ಭಾನುವಾರ ಚಂದ್ರಮೋಹನ ಕಾರು ತರುತ್ತಾನೆ. ಅವಳ ಎರಡು ಸೀರೆಗಳು ಆಗಲೇ ಬ್ಯಾಗಿನಲ್ಲಿದ್ದವು. ಮಗುವಿಗೆ ತನ್ನಿಂದಾಗುವ ಒಳ್ಳೆಯದು ಅಂದರೆ ತಾನು ಇಲ್ಲದಿರುವುದು. ಇದನ್ನು ಅವಳು ಒಪ್ಪಿದ್ದಳು, ಒಪ್ಪಿದ ಮೇಲೆ ಉಪವಾಸದ ದಿನದ ಹಾಗೆ ಮನಸ್ಸು ಹಗುರವಾಗಿತ್ತು. ಆದರೆ ನೀರು ಬೇಕಾದರೆ ಅವನು ಇಂದಿಗೂ ಬಾಯಿ ತೆರೆಯುವುದಿಲ್ಲ, ಬೆರಳು ಚಾಚುವುದಿಲ್ಲ. ಅವಳ ಮಣಿಕಟ್ಟು ಹಿಡಿದು, ಮುಖ ನೋಡದೆ, ಇಕ್ಕಳವನ್ನು ಒಯ್ಯುವಂತೆ ಒಯ್ದು ಫಿಲ್ಟರಿನ ನಲ್ಲಿಯ ಮೇಲೆ ಇಡುತ್ತಾನೆ. ಆಯಾಗೆ ಇದು ಹೇಗೆ ಗೊತ್ತಾಗಬೇಕು?

"ಅತ್ತೆ, ಹೊರಡೋಣ್ವಾ? ಸ್ವೆಟರ್ ಹಾಕಿದ್ದೀರಾ ಅವನಿಗೆ?" ವೈಜಯಂತಿ ಕರೆದಳು. ಪ್ಲೇಸ್ಕೂಲಿನವರು, ಹುಡುಗ ಬೇರೆ ಮಕ್ಕಳ ಜೊತೆ ಕೂರುವುದಿಲ್ಲ, ಒಮ್ಮೆ ತೋರಿಸಿ ಎಂದು ಒಂದು ವಿಳಾಸ ಕೊಟ್ಟು, ತೋರಿಸುವವರೆಗೆ ಕಳಿಸಬೇಡಿ ಎಂದಿದ್ದರು. ಇಂಥ ಮಕ್ಕಳನ್ನು ನೋಡುವ ಜಾಗವಂತೆ. ಇಂಥ ಅಂದರೆ ಎಂಥ ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಸೋಮುವಿಗೆ ಆಡಿಟ್, ರಜೆಯಿಲ್ಲ. ದಿನವಿಡೀ ಮಗುವಿನ ಜೊತೆ ಇರುವವರು ಬರಲೇಬೇಕು ಎಂದು ಫೋನಿನಲ್ಲಿ ಹೇಳಿದ್ದರಿಂದ ಲೀಲಮ್ಮನೂ ಹೊರಟಳು.

ಮೆಟ್ರೋದಲ್ಲಿ ಕಿಶನ್ ಎರಡು ಕಿವಿಯನ್ನೂ ಅಂಗೈಯಿಂದ ಮುಚ್ಚಿಕೊಂಡು ಬಾಗಿಲಿನ ರಬ್ಬರಿಗೆ ಹಣೆ ಹಚ್ಚಿ ನಿಂತಿದ್ದ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ಎಂಬ ಕೂಗು ಬರುವ ಮೊದಲೇ ಅವನ ಬಾಯಲ್ಲಿ ಬಂತು: "ಅಗಲಾ ಸ್ಟೇಷನ್ ಕಶ್ಮೀರೀ ಗೇಟ್ ಹೈ. ದರವಾಜೇ ಬಾಯೀಂ ಓರ್ ಖುಲೇಂಗೇ." ಎದುರು ಕೂತಿದ್ದ ಶಾಲಿನ ಮುದುಕ ಬೆರಗಾದ. "ಅರೇ ವಾಹ್! ಕಿತ್ನಾ ಹೋಶಿಯಾರ್ ಬಚ್ಚಾ ಹೈ! ಬೇಟಾ, ನಾಮ್ ಕ್ಯಾ ಹೈ?" ಮುದುಕ ಬಗ್ಗಿ ಕೇಳಿದ. ಇನ್ನೊಮ್ಮೆ ಕೇಳಿದ. ಗಾಜಿಗೆ ಕೇಳಿದ ಹಾಗಾಯಿತು. "ಅವನ ಹೆಸರು ಕಿಶನ್, ಸ್ವಲ್ಪ ನಾಚಿಕೆ ಅವನಿಗೆ" ಎಂದು ವೈಜಯಂತಿ ಹಿಂದಿಯಲ್ಲಿ ನಕ್ಕು ಹೇಳಿದಳು. ಅವಳು ಹೀಗೆ ನಗುವುದನ್ನು ಲೀಲಮ್ಮ ಈಚೆಗೆ ಎಷ್ಟೋ ಸಲ ನೋಡಿದ್ದಾಳೆ. ಮಹಡಿ ಮೆಟ್ಟಿಲಲ್ಲಿ, ಯಾರದೋ ಹುಟ್ಟುಹಬ್ಬದಲ್ಲಿ, ಕೇಕಿನ ಮೇಣದಬತ್ತಿ ಆರಿಸಿದೊಡನೆ ಇವನು ಕಿರುಚಿ ಮೇಜಿನ ಕೆಳಗೆ ಹೋಗಿ ಕೂತಾಗ. ಹರಿದ ಸೀರೆಯ ಮೇಲೆ ಸೆರಗು ಎಳೆದುಕೊಳ್ಳುವಂಥ ನಗು. ಅದನ್ನು ನೋಡಬಾರದೆಂದು ಲೀಲಮ್ಮ ಹೊರಗೆ ನೋಡಿದಳು. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ದೇವರೇ, ಇವತ್ತು ಅವರು ಭಾಷೆಯದೇ ಅನ್ನಲಿ. ಅಜ್ಜಿಯದೇ ತಪ್ಪು ಅನ್ನಲಿ. ಭಾನುವಾರ ಯಾಕೆ, ನಾಳೆಯೇ ಹೋಗುತ್ತೇನೆ.

ಆ ಜಾಗ ಆಸ್ಪತ್ರೆಯಂತಿರಲಿಲ್ಲ, ಯಾರದೋ ಹಳೆಯ ಮನೆ. ಚಪ್ಪಲಿ ಬಿಟ್ಟು ಒಳಗೆ ಹೋದರೆ ನೆಲಕ್ಕೆ ನೀಲಿ ಚಾಪೆ, ಕಪಾಟಿನ ತುಂಬ ಆಟದ ಸಾಮಾನು. ಮಿಸೆಸ್ ಸಭರ್‌ವಾಲ್ ಎಂಬ ನರೆಗೂದಲಿನ ಮೇಡಂ, ಸಲ್ವಾರ್ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡವಳು, ನೆಲದ ಮೇಲೇ ಕೂತಿದ್ದಳು. ಇವರಿಗೂ ಕೂರಲು ಹೇಳಿ, ತುಂಬ ಹೊತ್ತು ಏನೂ ಕೇಳದೆ ಕಿಶನ್‌ನನ್ನು ನೋಡಿದಳು. ಅವನು ಒಂದು ಆಟಿಕೆಯ ಮೋಟಾರನ್ನು ತಲೆಕೆಳಗು ಮಾಡಿ ಅದರ ಗಾಲಿ ತಿರುಗಿಸುತ್ತಿದ್ದ. ಮೇಡಂ ಅವನ ಹಿಂದಿನಿಂದ ಹೆಸರು ಹಿಡಿದು ಕರೆದಳು. ಸ್ವಲ್ಪ ಬಿಟ್ಟು ಇನ್ನೊಮ್ಮೆ ಕರೆದಳು. ವೈಜಯಂತಿ ತಾನೂ ಕರೆಯಲು ಬಾಯಿ ತೆರೆದದ್ದನ್ನು ಕೈ ಎತ್ತಿ ತಡೆದಳು. ಒಂದು ಬೊಂಬೆಯನ್ನೂ ಪುಟ್ಟ ಲೋಟವನ್ನೂ ಮುಂದಿಟ್ಟು, ಬೊಂಬೆಗೆ ಬಾಯಾರಿದೆ, ಕುಡಿಸು ಅಂದಳು. ಅವನು ಲೋಟವನ್ನು ತೆಗೆದುಕೊಂಡು ಅಡ್ಡ ಮಲಗಿಸಿ, ಅದು ಉರುಳಿ ಸುತ್ತುವುದನ್ನು ಕಣ್ಣು ವಾರೆ ಮಾಡಿ ನೋಡಿದ. ಸಾಬೂನಿನ ಗುಳ್ಳೆ ಊದಿದಾಗ ಎದ್ದು ಕುಣಿದ, ಕೈಗಳನ್ನು ರೆಕ್ಕೆಯ ಹಾಗೆ ಬಡಿದ. ಲೀಲಮ್ಮನಿಗೆ ಜೀವ ಬಂತು. ನೋಡಿ, ನೋಡಿ, ಎಷ್ಟು ಚುರುಕು! ಗುಳ್ಳೆ ಮುಗಿದಾಗ ಅವನು ಮೇಡಮ್ಮಿನ ಮುಖ ನೋಡಲಿಲ್ಲ, ಇನ್ನೂ ಬೇಕು ಅನ್ನಲಿಲ್ಲ, ಅವಳ ಕೈಯನ್ನು ಎತ್ತಿ ಶೀಶೆಯ ಮುಚ್ಚಳದ ಮೇಲೆ ಇಟ್ಟ. ಅಲ್ಲೂ ಅದೇ. ತನ್ನ ಕೈಗೆ ಮಾತ್ರ ಸಲ್ಲುವ ಸಲಿಗೆ ಎಂದು ಅವಳು ಒಳಗೆಲ್ಲೋ ಇಟ್ಟುಕೊಂಡಿದ್ದಳು. ಹೊಸಬಳ ಕೈಯೂ ಆದೀತು. ಯಾರ ಕೈಯೂ ಆದೀತು.

"ಈಗ ಹಿಂದಿ ಮಾತಾಡುತ್ತಾನೆ, ಮೇಡಂ. ಇಡೀ ಇಡೀ ವಾಕ್ಯ ಹೇಳುತ್ತಾನೆ," ವೈಜಯಂತಿ ಹಿಂದಿಯಲ್ಲಿ ಗಡಿಬಿಡಿಯಿಂದ ಹೇಳಿದಳು.

"ಹಸಿವಾದರೆ ಏನು ಹೇಳುತ್ತಾನೆ?"

ವೈಜಯಂತಿ ದುಪಟ್ಟಾದ ಅಂಚನ್ನು ಮಡಿಸತೊಡಗಿದಳು.

"ಅಮ್ಮ ಅನ್ನುತ್ತಾನಾ? ಮಮ್ಮಿ? ಹಕ್ಕಿಯನ್ನೋ ನಾಯಿಯನ್ನೋ ಬೆರಳು ಚಾಚಿ ನಿಮಗೆ ತೋರಿಸಿದ್ದಾನಾ?"

ವೈಜಯಂತಿ ಅತ್ತೆಯ ಕಡೆ ತಿರುಗಿದಳು, ಪರೀಕ್ಷೆಯಲ್ಲಿ ಪಕ್ಕದವಳ ಕಡೆ ತಿರುಗುವ ಹಾಗೆ. "ತೋರಿಸ್ತಾನಲ್ವಾ ಅತ್ತೆ? ಬಾಲ್ಕನೀಲಿ ಪಾರಿವಾಳ ಬಂದಾಗ?" ಲೀಲಮ್ಮ ಅಡ್ಡಡ್ಡ ತಲೆಯಾಡಿಸಿದಳು. ಇಲ್ಲ. ಪಾರಿವಾಳಗಳು ಬಂದವು, ಹೋದವು. ಅವನು ಅವುಗಳ ನೆರಳು ಗೋಡೆಯ ಮೇಲೆ ಅಲುಗುವುದನ್ನು ನೋಡಿದ. ಬೆರಳು ಒಂದು ಸಲವೂ ಎದ್ದಿರಲಿಲ್ಲ.

ಮೇಡಂ ಆಗ ಹೇಳಿದಳು. ಸುತ್ತಿಬಳಸದೆ, ಆದರೆ ಒರಟಾಗಿಯೂ ಅಲ್ಲ. ಅವನು ಆಡುತ್ತಿರುವುದು ಮಾತಲ್ಲ, ಪ್ರತಿಧ್ವನಿ. ಕೇಳಿದ್ದನ್ನು ಕೇಳಿದ ಹಾಗೇ ತಿರುಗಿಸಿ ಹೇಳುತ್ತಾನೆ. ಇದಕ್ಕೆ ಆಟಿಸಂ ಅನ್ನುತ್ತಾರೆ. ಹುಟ್ಟಿನಿಂದಲೇ ಇರುವಂಥದ್ದು. ಆ ಮಾತಿನ ಮುಂದೆ ಏನೇನೋ ಬಂತು, ಕಾಯಿಲೆಯಲ್ಲ, ಔಷಧಿಯಿಲ್ಲ, ಕಲಿಸಬಹುದು, ಬಹಳ ಕಲಿಸಬಹುದು, ಬೇಗ ಬಂದದ್ದು ಒಳ್ಳೆಯದಾಯಿತು. ಲೀಲಮ್ಮನಿಗೆ ಅರ್ಧ ತಿಳಿಯಿತು. ಉಳಿದರ್ಧ ಸೊಸೆಯ ಬೆನ್ನು ನೋಡಿ ತಿಳಿಯಿತು. ನೆಟ್ಟಗೆ ಕೂತಿದ್ದ ಬೆನ್ನು, ನೀರು ತಾಗಿದ ಹಪ್ಪಳದ ಹಾಗೆ, ನಿಧಾನವಾಗಿ ಬಾಗುತ್ತಿತ್ತು.

"ಮನೆಯಲ್ಲಿ ಮೂರು ಭಾಷೆ ಇತ್ತು ಮೇಡಂ," ವೈಜಯಂತಿ ಅಂದಳು. "ಗೊಂದಲ ಆಗಿರಬಹುದು. ಡಾಕ್ಟರು ಹೇಳಿದ್ದರು. ಅತ್ತೆ ಕನ್ನಡ ನಿಲ್ಲಿಸಿದ್ದಾರೆ."

"ಭಾಷೆಯಿಂದ ಇದು ಬರುವುದಿಲ್ಲ. ಈ ಊರಲ್ಲಿ ಯಾರ ಮನೆಯಲ್ಲಿ ಮೂರು ಭಾಷೆ ಇಲ್ಲ? ಅಮ್ಮನಿಂದ ಬರುವುದಿಲ್ಲ, ಅಜ್ಜಿಯಿಂದ ಬರುವುದಿಲ್ಲ. ಯಾರ ತಪ್ಪೂ ಅಲ್ಲ." ಮೇಡಂ ಲೀಲಮ್ಮನ ಕಡೆ ಬಗ್ಗಿ, ಅವಳಿಗೆ ತಿಳಿಯಲೆಂದು ಬಿಡಿಸಿ ಬಿಡಿಸಿ ಹೇಳಿದಳು: "ದಾದೀಜೀ, ಆಪ್ ಕೀ ಗಲತೀ ನಹೀಂ ಹೈ."

ಬೇಸಿಗೆಯಿಂದ ಹಗಲೂ ಇರುಳೂ ಯಾವ ಮಾತಿಗಾಗಿ ಅವಳ ಕಿವಿ ಕಾದಿತ್ತೋ ಅದು ಬಂದಿತ್ತು. ಹಿಂದಿಯಲ್ಲಿ ಬಂದರೂ ಅಕ್ಷರ ಅಕ್ಷರ ತಿಳಿಯಿತು. ಹಗುರವಾಗಲಿಲ್ಲ. ಕಾಲ ಕೆಳಗಿನ ಚಾಪೆಯನ್ನು ಯಾರೋ ಎಳೆದ ಹಾಗಾಯಿತು. ತಪ್ಪು ತನ್ನದಾಗಿದ್ದರೆ ತಿದ್ದಿಕೊಳ್ಳಬಹುದಿತ್ತು, ನಾಲಗೆ ಕಚ್ಚಬಹುದಿತ್ತು, ಬ್ಯಾಗು ಹಿಡಿದು ಫರೀದಾಬಾದಿಗೆ ಹೋಗಬಹುದಿತ್ತು. ಯಾರದೂ ಅಲ್ಲದ ತಪ್ಪನ್ನು ಏನು ಮಾಡುವುದು? ಅದು ಎಲ್ಲಿಗೂ ಹೋಗುವುದಿಲ್ಲ. ಆ ಮಗುವಿನ ಒಳಗೇ ಕೂತಿರುತ್ತದೆ. ಕಿಶನ್ ಮೂಲೆಯಲ್ಲಿ ಮರದ ತುಂಡುಗಳನ್ನು ಸಾಲಿಗೆ ಇಡುತ್ತಿದ್ದ, ಈ ಮಾತೆಲ್ಲ ಬೇರೆ ಯಾರದೋ ವಿಷಯವೆಂಬಂತೆ. ಲೀಲಮ್ಮನಿಗೆ ತನ್ನ ದನಿ ಕೇಳಿಸಿತು. ಮಾತಾಡುತ್ತಿರುವುದು ತಾನೇ ಎಂದು ಆಮೇಲೆ ಗೊತ್ತಾಯಿತು.

"ವೈಜಯಂತಿ, ಅವರಿಗೆ ಹೇಳು. ನಾನು ಕನ್ನಡ ಬಿಟ್ಟಿರಲಿಲ್ಲ ಅಂತ ಹೇಳು."

"ಏನತ್ತೆ?"

"ನೀವು ಆಫೀಸಿಗೆ ಹೋದ್ಮೇಲೆ ದಿನಾ ಮಾತಾಡ್ತಿದ್ದೆ. ಬಾಗಿಲು ಹಾಕ್ಕೊಂಡು ಮಾತಾಡ್ತಿದ್ದೆ. ನಿಮಗೆ ಗೊತ್ತಾಗದ ಹಾಗೆ. ಅದಕ್ಕೇ ಮಗೂಗೆ ಸರಿಹೋಗಿಲ್ಲ. ಇನ್ಮೇಲೆ ಬಿಟ್ಟುಬಿಡ್ತೀನಿ, ಫರೀದಾಬಾದಿಗೆ ಹೋಗ್ತೀನಿ ಅಂತ ಹೇಳು. ನಾಲ್ಕು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡಲಿ. ಆಮೇಲೆ ಹೇಳಲಿ ಅದೇನು ಹೇಳ್ತಾರೋ."

ಸೊಸೆಯ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ಆಸೆ. ದೀಪ ಹೊತ್ತಿದ ಹಾಗೆ ಬಂತು. ಅತ್ತೆಯನ್ನು ಅಲ್ಲೇ ತಬ್ಬಿಕೊಂಡುಬಿಡುತ್ತಾಳೇನೋ ಅನ್ನುವ ಹಾಗೆ ನೋಡಿ, ಸರ್ರನೆ ಮೇಡಮ್ಮಿನ ಕಡೆ ತಿರುಗಿ, ಒಂದು ಮಾತನ್ನೂ ಬಿಡದೆ ಹಿಂದಿಯಲ್ಲಿ ಹೇಳಿದಳು. ಕದ್ದು ಮಾತಾಡಿದ್ದಾರಂತೆ, ದಿನಾ ಮಾತಾಡಿದ್ದಾರಂತೆ! ಹಾಗಾದರೆ ನಾವು ಸರಿಯಾಗಿ ಮಾಡೇ ಇಲ್ಲ, ಅಲ್ಲವೇ ಮೇಡಂ? ಇನ್ನೊಂದು ಸಲ ಸರಿಯಾಗಿ ಮಾಡಿ ನೋಡಬಹುದಲ್ಲ?

ಮಿಸೆಸ್ ಸಭರ್‌ವಾಲ್ ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿಕೊಂಡಳು.

"ಬಹುತ್ ಅಚ್ಛಾ ಕಿಯಾ, ದಾದೀಜೀ," ಅಂದಳು. "ಮಾತಾಡಿದ್ದೇ ಒಳ್ಳೆಯದಾಯಿತು. ಮಾತು ನಿಲ್ಲಿಸಿದ್ದರೆ ನನಗೆ ಯೋಚನೆಯಾಗುತ್ತಿತ್ತು." ಆಮೇಲೆ ವೈಜಯಂತಿಗೆ, ಹಗಲಲ್ಲಿ ಮನೆಯಲ್ಲಿ ಯಾರಿರುತ್ತೀರೋ ಅವರು ಸೋಮವಾರದಿಂದ ಬೆಳಗಿನ ಹೊತ್ತು ಇಲ್ಲಿಗೆ ಬಂದು ಕಲಿಯಬೇಕು, ಯಾರು ಬರುತ್ತೀರಿ ಎಂದು ಕೇಳಿದಳು. ವೈಜಯಂತಿ ಮಗುವನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅವಳ ಮುಖದ ದೀಪ ಆರಿತು.

"ಇವರೇ," ಅಂದಳು. "ಮನೆಯಲ್ಲಿರುವುದು ಇವರೇ."

"ಹಾಗಾದರೆ ಈಗಲೇ ನೋಡೋಣ. ದಾದೀಜೀ, ನಾವಿಬ್ಬರೂ ಇಲ್ಲ ಅಂದುಕೊಳ್ಳಿ. ಮನೆಯಲ್ಲಿ ದಿನಾ ಹೇಗೆ ಮಾತಾಡುತ್ತೀರೋ ಹಾಗೇ ಅವನ ಹತ್ತಿರ ಮಾತಾಡಿ. ನಿಮ್ಮ ಭಾಷೆಯಲ್ಲೇ."

ಲೀಲಮ್ಮ ಚಾಪೆಯ ಮೇಲೆ ಕೈಯೂರಿ ಎದ್ದು, ಮೂಲೆಗೆ ಹೋಗಿ, ಮೊಮ್ಮಗನ ಪಕ್ಕ ಕೂತಳು. ದಿನಾ ಆಡುವ ಮಾತು. ಯಾವುದು ಅದು? ಗಂಟಲು ತೆರೆದಳು, ಗಾಳಿ ಬಂತು. ಕೆಮ್ಮಿದಳು. ಹಿಂದಿನಿಂದ ಇಬ್ಬರ ಕಣ್ಣು ಬೆನ್ನಿಗೆ ತಾಗುತ್ತಿತ್ತು. "ದೇಖೋ," ಅಂದಳು. ಛೆ, ಅದಲ್ಲ. ಬೇಸಿಗೆಯಿಂದ ನುಂಗಿದ್ದೆಲ್ಲ ಒಳಗೆ ಹಾಗೇ ಇರುತ್ತದೆ, ಬೇಕೆಂದಾಗ ಹೊರಗೆ ಬರುತ್ತದೆ ಅಂದುಕೊಂಡಿದ್ದಳು. ಇರಲಿಲ್ಲ. "ಕಿಶನ್," ಅಂದಳು, ದನಿ ಒಡೆದು ಎರಡಾಯಿತು, ಗುರುತಿಲ್ಲದ ಮನೆಯ ಬಾಗಿಲು ತಟ್ಟುವವರ ಹಾಗೆ. "ಕಿಶನ್, ಏನೋ... ಏನಪ್ಪ ಇದು? ಕೆಂಪುದಾ? ಕೆಂಪು ಕಟ್ಟಿಗೆ. ಇದು... ಇದು ಹಳದಿ." ಹುಡುಗ ಹಳದಿಯ ಪಕ್ಕ ಇನ್ನೊಂದು ಹಳದಿ ಇಟ್ಟ. ಅವನು ಈ ದನಿಯನ್ನು ದಿನಾ ಕೇಳಿದವನಲ್ಲ ಎಂಬುದು, ಈ ದನಿ ದಿನಾ ಮಾತಾಡಿದ್ದಲ್ಲ ಎಂಬುದು ಆ ಕೋಣೆಯಲ್ಲಿ ಕುರುಡರಿಗೂ ಕಾಣುವಂತಿತ್ತು.

ಹಿಂದೆ ಬಟ್ಟೆ ಸರಿದ ಸದ್ದು. ವೈಜಯಂತಿ ಮಂಡಿಯ ಮೇಲೆ ತೆವಳಿಕೊಂಡು ಹತ್ತಿರ ಬಂದಿದ್ದಳು.

"ಅತ್ತೆ," ಅಂದಳು, ಪಿಸುದನಿಯಲ್ಲಿ. "ನೀವು ಮಾತಾಡಿರ್ಲಿಲ್ಲ. ಒಂದು ದಿನಾನೂ ಮಾತಾಡಿರ್ಲಿಲ್ಲ, ಅಲ್ವಾ?"

"ನೀಲಿ," ಅಂದಳು ಲೀಲಮ್ಮ ಮಗುವಿಗೆ. "ಇದು ನೀಲಿ ನೋಡು. ಚಾಪೇನೂ ನೀಲಿ. ನಿಮ್ಮಮ್ಮನ ದುಪಟ್ಟಾನೂ ನೀಲೀನೇ. ಕಾಲು ಚಾಚಿ ಕೂತ್ಕೋ ಕಂದ, ಜೋಮು ಹಿಡಿಯುತ್ತೆ."

"ಅತ್ತೆ. ಇಲ್ಲಿ ನೋಡಿ. ಅತ್ತೆ."

ಲೀಲಮ್ಮ ತಿರುಗಲಿಲ್ಲ. ತಿರುಗಿದರೆ ಈಗಷ್ಟೇ ಹಿಡಿತಕ್ಕೆ ಬಂದ ಎಳೆ ಕೈತಪ್ಪಿಹೋಗುತ್ತದೆ ಎಂದು ಅವಳಿಗೆ ಭಯವಿತ್ತು. ಹುಡುಗ ಮುಂದಿನ ತುಂಡಿಗೆ ಕೈ ಹಾಕಿದ, ಅವಳು ಅದರ ಹೆಸರು ಹೇಳಿದಳು. ಅದರ ಮುಂದಿನದಕ್ಕೆ ಹಾಕಿದ, ಅದನ್ನೂ ಹೇಳಿದಳು.